ಫಿನ್ ಬಿಚ್ಚಿ ನಿಲ್ಲಿ

ಕಡಲಿಗೆ ಇಳಿಯಬಾರದೆಂಬ ಕೆಂಪು ಬಾವುಟ ಏರಿ ಅಂದಿಗೆ ಮೂರು ದಿನ. ಕಡಲು ಮಣ್ಣು ಕಲಸಿದ ಬಣ್ಣಕ್ಕೆ ತಿರುಗಿ, ದಡದ ಕಲ್ಲುಗಳನ್ನು ಹತ್ತಿ ಬರುವ ಹಟ ಹಿಡಿದಿತ್ತು. ಸರ್ಫಿಂಗ್ ಕಲಿಯಲೆಂದು ರಜೆ ಹಾಕಿ ಬಂದವರೆಲ್ಲ ಕಿಟಕಿಗೆ ಮೂಗು ಒತ್ತಿ ಕೂತಿದ್ದರು. ಇಂಥ ದಿನಗಳಲ್ಲಿ ಆ ಪುಟ್ಟ ಊರಿನಲ್ಲಿ ಜನ ಸೇರುವ ಜಾಗ ಎರಡೇ. ಒಂದು, ಲಾಡ್ಜಿನ ಪಡಸಾಲೆ. ಇನ್ನೊಂದು, ಓಣಿಯ ಆಚೆ ಬದಿಯಲ್ಲಿರುವ ಅಂಟಮ್ಮನ ಶೆಡ್ಡು.

ಲಾಡ್ಜು ನಡೆಸುವವಳು ಅಂಟಮ್ಮನ ಹಿರಿಯ ವಾರಗಿತ್ತಿ. ಮಳೆಗೆಂದೇ ಅವಳ ಬಳಿ ಒಂದು ಪೆಟ್ಟಿಗೆ ಇತ್ತು. ಇಸ್ಪೀಟು, ಹಾವು ಏಣಿ, ಉಲ್ಲನ್ ಉಂಡೆಗಳು, ಮತ್ತೆ ಸಾವಿರ ತುಂಡು ಜೋಡಿಸಿ ಮಾಡುವ ದೀಪಸ್ತಂಭದ ಚಿತ್ರ. ಚಿತ್ರದಲ್ಲಿ ಮೂರು ತುಂಡು ಕಳೆದುಹೋಗಿದೆ ಎಂಬುದನ್ನು ಅವಳು ಯಾರಿಗೂ ಮೊದಲೇ ಹೇಳುತ್ತಿರಲಿಲ್ಲ. ಹೇಳಿದರೆ ಯಾರೂ ಶುರುವೇ ಮಾಡುವುದಿಲ್ಲ, ಒಂಬೈನೂರ ತೊಂಬತ್ತೇಳು ಜೋಡಿಸುವಷ್ಟರಲ್ಲಿ ಮಳೆ ತಾನಾಗಿ ನಿಲ್ಲುತ್ತದೆ ಎಂಬುದು ಅವಳ ಎಣಿಕೆ. ಮೂರು ದಿನ ಮಳೆ ಹಿಡಿದರೆ ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ಹೊಸದಾಗಿ ನೋಡುತ್ತಾರೆ, ಕೆಲವರಿಗೆ ಅದು ಆಗಿಬರುವುದಿಲ್ಲ ಎಂದೂ ಅವಳು ಹೇಳುವುದಿತ್ತು.

ಶೆಡ್ಡು ಮೊದಲು ಮಾವನದು. ಫೈಬರ್ ದೋಣಿಗಳ ತೂತು ಮುಚ್ಚುತ್ತಿದ್ದ ಮಾವನ ಕೈಕೆಳಗೆ ರೆಸಿನ್ ಅಂಟು ಕಲಸುವುದನ್ನು ಕಲಿತ ಸೊಸೆ, ದೋಣಿಗಳು ಕಡಿಮೆಯಾಗಿ ಸರ್ಫ್ ಬೋರ್ಡುಗಳು ಬಂದಾಗ ಅದೇ ಅಂಟು, ಅದೇ ಫೈಬರ್ ಬಟ್ಟೆ ಹಿಡಿದು ಬೋರ್ಡುಗಳಿಗೆ ತೇಪೆ ಹಾಕತೊಡಗಿದಳು. ಅಂಟಮ್ಮ ಎಂಬುದು ಕಲಿಯಲು ಬಂದ ಹುಡುಗಿಯರು ಇಟ್ಟ ಹೆಸರು. ಈಗ ಅವಳಿಗೆ ಐವತ್ತೆರಡು, ಗಂಡನೂ ಸಿಟ್ಟು ಬಂದಾಗ ಅದೇ ಹೆಸರು ಹಿಡಿದು ಕರೆಯುತ್ತಿದ್ದ. ಅವನ ಕೆಲಸ ದಡದ ಗೋಪುರದಲ್ಲಿ ಬಾವುಟ ಏರಿಸುವುದು. ಬಾವುಟ ಕೆಂಪಿದ್ದ ದಿನ ಅವನು ಗೋಪುರ ಬಿಟ್ಟು ಇಳಿಯುತ್ತಿರಲಿಲ್ಲ.

ಮಾವ ಶೆಡ್ಡಿನ ಜೊತೆಗೆ ಒಂದು ಮುಕ್ಕಾಲಿಯನ್ನೂ ಒಂದು ಪದ್ಧತಿಯನ್ನೂ ಬಿಟ್ಟುಹೋಗಿದ್ದ. ಮುರಿದದ್ದನ್ನು ತಂದವರು ಮೊದಲು ಆ ಮುಕ್ಕಾಲಿಯ ಮೇಲೆ ಕೂರಬೇಕು. ಮುರಿದ ವಸ್ತುವಿನ ಮೇಲೆ ಒಂದು ಕೈ ಇಟ್ಟು, ಅದು ಹೇಗೆ ಮುರಿಯಿತೆಂದು ನಿಜ ಹೇಳಬೇಕು. ಆಮೇಲೇ ರಿಪೇರಿ. ಇದರಲ್ಲಿ ದೊಡ್ಡ ನೀತಿಯೇನೂ ಇರಲಿಲ್ಲ. ಪೆಟ್ಟು ಎಲ್ಲಿಂದ ಬಿತ್ತೆಂದು ತಿಳಿಯದೆ ಮೇಲೆ ತೇಪೆ ಹಾಕಿದರೆ, ಒಳಗೆ ನೀರು ಉಳಿದು ಬೋರ್ಡು ಹೆಣಭಾರವಾಗುತ್ತದೆ. ಎಲ್ಲರೂ ಮೊದಲು ಹೇಳುವುದು "ಬಂಡೆಗೆ ತಾಗಿತು" ಎಂದೇ. ಅಂಟಮ್ಮ ಬಿರುಕಿನ ಮೇಲೆ ಬೆರಳಾಡಿಸಿ ಸುಮ್ಮನೆ ಕಾಯುತ್ತಾಳೆ. ಸ್ವಲ್ಪ ಹೊತ್ತಿಗೆ ಬಂಡೆ ಮಾಯವಾಗಿ, ಕಾರಿನ ಬಾಗಿಲೋ ಮೆಟ್ಟಿಲೋ ಗಂಡನ ಮೇಲಿನ ಸಿಟ್ಟೋ ಹೊರಗೆ ಬರುತ್ತದೆ. ಬಿರುಕುಗಳನ್ನು ಅವಳು ಕೈಬರಹ ಓದಿದ ಹಾಗೆ ಓದುತ್ತಾಳೆಂದು ಊರಿಗೆಲ್ಲ ಗೊತ್ತು.

ಮಳೆಯ ದಿನ ಅಂಟು ಹಚ್ಚುವ ಹಾಗಿಲ್ಲ. ತೇವಕ್ಕೆ ರೆಸಿನ್ ಗಟ್ಟಿಯಾಗುವುದಿಲ್ಲ. ಹಾಗಾಗಿ ಆ ದಿನಗಳಲ್ಲಿ ಶೆಡ್ಡಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಜನ ಬಂದು ಕಾಲು ಜಾರದಿರಲೆಂದು ತಮ್ಮ ತಮ್ಮ ಬೋರ್ಡಿಗೆ ಹಚ್ಚಿದ್ದ ಹಳೆಯ ಮೇಣ ಕೆರೆಯುತ್ತಾರೆ, ಹರಿದ ರಬ್ಬರ್ ಉಡುಪು ಹೊಲಿಯುತ್ತಾರೆ, ದೊಡ್ಡ ಬಲ್ಬಿನ ಕೆಳಗೆ ಬೋರ್ಡು ಒಣಗಿಸುತ್ತಾರೆ. ಹೊಸಬರು ನೆಲದ ಮೇಲೆಯೇ ಬೋರ್ಡು ಹಾಕಿಕೊಂಡು ಏಳುವುದನ್ನು ಅಭ್ಯಾಸ ಮಾಡುತ್ತಾರೆ. ಬೋರಲು ಮಲಗಿ, ಅಂಗೈ ಊರಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಅದಕ್ಕೆ ಮೊದಲು ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗಿರುವ ಮೂರು ಫಿನ್ನುಗಳನ್ನು ಬಿಚ್ಚಿಡಬೇಕು. ಇಲ್ಲದಿದ್ದರೆ ನಿಂತವರ ಭಾರವೆಲ್ಲ ಅವುಗಳ ಬುಡಕ್ಕೆ ಬಿದ್ದು ಬೋರ್ಡು ಸೀಳುತ್ತದೆ. ಗೋಡೆಯ ಮೇಲೆ ಅಂಟಮ್ಮನೇ ಗೇಣುದ್ದದ ಅಕ್ಷರಗಳಲ್ಲಿ ಬರೆದಿದ್ದಳು: ಫಿನ್ ಬಿಚ್ಚಿ ನಿಲ್ಲಿ.

ಆ ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಟಮ್ಮನ ಮಗಳು ತನ್ನ ನೀಲಿ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದಳು. ಇಪ್ಪತ್ತಾರರ ಹುಡುಗಿ, ಊರಿನ ಸರ್ಫಿಂಗ್ ಶಾಲೆಯ ಟೀಚರ್. ಆ ಬೋರ್ಡು ಅಂದರೆ ಅವಳಿಗೆ ಜೀವ, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಬೋರ್ಡನ್ನು ಮಗುಚಿ ಮೇಜಿನ ಮೇಲಿಟ್ಟು, ನಡುವಿನ ಫಿನ್ನಿನ ಬುಡ ತೋರಿಸಿದಳು. ಸುತ್ತಲೂ ಬಳೆಯ ಹಾಗೆ ಒಂದು ಬಿರುಕು.

"ಅಮ್ಮ, ಇದೇನು ನೋಡಿ ಹೇಳು. ಬಂಡೆಯಾ?"

ಅಂಟಮ್ಮನ ಕೈ ಎಂದಿನಂತೆ ಬಿರುಕಿನ ಮೇಲೆ ಹೋಯಿತು. ಬಾಯಿಯೂ ಎಂದಿನಂತೆ ಮಾತಾಡಿಬಿಟ್ಟಿತು. "ಬಂಡೆಗೆ ತಾಗಿದ್ದರೆ ಓರೆಯಾಗಿ ಒಡೆಯುತ್ತಿತ್ತು. ಇದು ನೆಲದ ಮೇಲೆ ಆದದ್ದು. ಯಾರೋ ಫಿನ್ ಬಿಚ್ಚದೆ ನಿಂತಿದ್ದಾರೆ."

ಆ ಯಾರೋ ಅವಳೇ.

ಹಿಂದಿನ ದಿನ ಬೆಳಗಿನ ಜಾವ, ಊರು ಏಳುವ ಮುಂಚೆ, ಅಂಟಮ್ಮ ಶೆಡ್ಡಿಗೆ ಬಂದು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಇದು ಹೊಸತಲ್ಲ. ಆರು ವರ್ಷದಿಂದ, ಮಳೆ ಬಿದ್ದ ದಿನಗಳಲ್ಲಿ, ಚಾವಣಿಯ ಸದ್ದಿನಲ್ಲಿ ತನ್ನ ಸದ್ದು ಮುಳುಗುತ್ತದೆಂಬ ಧೈರ್ಯದಲ್ಲಿ, ಅವಳು ಸೆರಗು ಬಿಗಿದು ನೆಲದ ಮೇಲೆ ಬೋರಲು ಮಲಗಿ ಎದ್ದು ನಿಲ್ಲುತ್ತಿದ್ದಳು. ಮೊದಲ ವರ್ಷ ಮೊಣಕಾಲು ಊರದೆ ಏಳಲು ಆಗುತ್ತಿರಲಿಲ್ಲ. ಈಗ ಆಗುತ್ತಿತ್ತು. ಹತ್ತು ಸಲ ಎದ್ದು, ಬೆವರು ಒರೆಸಿಕೊಂಡು, ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಸಮುದ್ರಕ್ಕೆ ಮಾತ್ರ ಒಂದು ದಿನವೂ ಇಳಿದವಳಲ್ಲ. ಹೇಳಿಕೊಳ್ಳಲು ದೊಡ್ಡ ಕಾರಣವೂ ಇರಲಿಲ್ಲ. ಮದುವೆಯಾಗಿ ಬಂದಾಗ ಹೆಂಗಸರು ಇಳಿಯುತ್ತಿರಲಿಲ್ಲ. ಇಳಿಯುವ ಕಾಲ ಬಂದಾಗ ಮಗಳು ಚಿಕ್ಕವಳು. ಮಗಳು ದೊಡ್ಡವಳಾದಾಗ ತಾನು ದಪ್ಪಗಾಗಿದ್ದೇನೆ ಅನ್ನಿಸಿತು. ಯಾರೂ ಬೇಡ ಅಂದಿರಲಿಲ್ಲ, ಯಾರೂ ಬಾ ಅಂದಿರಲೂ ಇಲ್ಲ. ಊರಿನ ಅರ್ಧದಷ್ಟು ಬೋರ್ಡುಗಳು ತನ್ನ ಕೈಯಿಂದ ಹಾದು ಅಲೆಯೇರಿದ್ದವು, ಅವುಗಳ ತೂಕ ಅವಳಿಗೆ ಗೊತ್ತಿತ್ತು. ಅಲೆಯ ತೂಕ ಗೊತ್ತಿರಲಿಲ್ಲ.

ಅವಳು ಅಭ್ಯಾಸಕ್ಕೆ ಇಟ್ಟುಕೊಂಡದ್ದು ಒಂದು ಹಳೆಯ, ಫಿನ್ ಇಲ್ಲದ ಬೋರ್ಡು. ಹೋದ ವಾರ ಅದನ್ನು ಯಾರದೋ ತೇಪೆಗೆಂದು ಕತ್ತರಿಸಿಬಿಟ್ಟಿದ್ದಳು. ನಿನ್ನೆ ಕೈಗೆ ಸಿಕ್ಕಿದ್ದು ಮಗಳ ನೀಲಿ ಬೋರ್ಡು. ಫಿನ್ ಬಿಚ್ಚುವ ಪುಟ್ಟ ಕೀಲಿ ಎಲ್ಲಿಟ್ಟಿದ್ದಾಳೋ ಹುಡುಕಬೇಕಿತ್ತು. ನೆಲಕ್ಕೆ ಹಾಸಿದ ಮ್ಯಾಟ್ ದಪ್ಪ ಇದೆಯಲ್ಲ, ಏನಾಗುತ್ತದೆ ಅಂದುಕೊಂಡಳು. ಆ ಮುಕ್ಕಾಲಿಯ ಮೇಲೆ ಕೂತು ಎಷ್ಟೋ ಮಂದಿ ಹೇಳಿದ ಮಾತು ಅದು. ನಾಲ್ಕನೆಯ ಸಲ ಎದ್ದಾಗ ಅಡಿಯಿಂದ ಚಟ್ ಎಂದಿತು. ಮಳೆ ನಿಂತ ಕೂಡಲೇ ಯಾರಿಗೂ ತಿಳಿಯದಂತೆ ಸರಿಮಾಡಿಡೋಣ ಎಂದು ಬೋರ್ಡನ್ನು ಇದ್ದಲ್ಲೇ ಇಟ್ಟಿದ್ದಳು. ಮಳೆ ನಿಲ್ಲಲಿಲ್ಲ.

ಈಗ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಮಗಳು ಆಗಲೇ ಹಿಂದಕ್ಕೆ ತಿರುಗಿದ್ದಳು.

ಮೂಲೆಯಲ್ಲಿ, ಲಾಡ್ಜಿನಲ್ಲಿ ಇಳಿದಿದ್ದ ನರ್ಸ್ ಒಬ್ಬಳು ಕೂತಿದ್ದಳು. ನಲವತ್ತರ ಆಚೆಈಚೆ ವಯಸ್ಸು. ದೊಡ್ಡ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ, ಮೊದಲ ಸಲ ತನಗಾಗಿ ಒಂದು ವಾರ ರಜೆ ಕೇಳಿ ಪಡೆದು ಬಂದವಳು. ವಾರದಲ್ಲಿ ಮೂರು ದಿನ ಮಳೆಗೆ ಹೋಗಿತ್ತು. ಬಾಗಿಲಿಗೆ ಅಡ್ಡ ನಿಂತರೂ ಕ್ಷಮೆ ಕೇಳುವ, ಟೀ ಕೊಟ್ಟರೂ ಕ್ಷಮೆ ಕೇಳುವ ಹೆಂಗಸು. ಮಗಳಿಗೆ ಯಾಕೋ ಅವಳ ಮೇಲೆ ಪ್ರೀತಿ ಹುಟ್ಟಿ, ಹಿಂದಿನ ಸಂಜೆ ಲಾಡ್ಜಿನ ಪಡಸಾಲೆಯಲ್ಲಿ ಅಭ್ಯಾಸ ಮಾಡಲು ತನ್ನ ನೀಲಿ ಬೋರ್ಡನ್ನೇ ಕೊಟ್ಟಿದ್ದಳಂತೆ. ಅಂಟಮ್ಮನಿಗೆ ಇದು ಗೊತ್ತೇ ಇರಲಿಲ್ಲ.

"ಸಿಸ್ಟರ್, ನಿನ್ನೆ ಫಿನ್ ಬಿಚ್ಚಿದಿರಿ ತಾನೇ?"

"ಬಿಚ್ಚಿದೆ" ಎಂದಳು ನರ್ಸ್. ಆಮೇಲೆ ಮಗಳ ಮುಖ ನೋಡಿದಳು, ಬಿರುಕು ನೋಡಿದಳು. "ಬಿಚ್ಚಿದೆ ಅಂತಲೇ ನೆನಪು. ಇಲ್ಲ... ನನ್ನಿಂದಲೇ ಆಗಿರಬೇಕು. ಬೇರೆ ಯಾರೂ ಮುಟ್ಟಿಲ್ಲವಲ್ಲ. ತಪ್ಪಾಯಿತು."

ಮಗಳು ಜೋರು ಮಾಡಲಿಲ್ಲ, ಅದೇ ಕಷ್ಟ. ಪರವಾಗಿಲ್ಲ ಬಿಡಿ ಎಂದಳು. ಹೇಳಿದ್ದನ್ನು ನೆಲದ ಮೇಲೇ ಕೇಳದವರನ್ನು ನೀರಿಗೆ ಇಳಿಸಲು ತನಗೆ ಧೈರ್ಯವಿಲ್ಲ ಎಂದೂ ಹೇಳಿ, ಗೋಡೆಗೆ ತೂಗುಹಾಕಿದ್ದ ತರಗತಿಯ ಸ್ಲೇಟಿನ ಕಡೆ ನೋಡಿದಳು. ನಾಳೆ ಬಾವುಟ ಹಳದಿಗೆ ಬಂದರೆ ನೀರಿಗಿಳಿಯುವವರ ಪಟ್ಟಿ ಅದರಲ್ಲಿತ್ತು. ನರ್ಸ್ ತಾನೇ ಎದ್ದುಹೋಗಿ, ಅಂಗೈಯಿಂದ ತನ್ನ ಹೆಸರು ಒರೆಸಿದಳು. ಹೇಗೂ ನಾಡಿದ್ದು ಡ್ಯೂಟಿಗೆ ಹೋಗಬೇಕು, ಈ ಮಳೆ ನಿಲ್ಲುವ ಹಾಗೂ ಕಾಣುವುದಿಲ್ಲ, ಮೂರು ಗಂಟೆಯ ಬಸ್ಸಿಗೇ ಹೊರಟರೆ ಅನುಕೂಲ ಎಂದು ಅಲ್ಲಿದ್ದವರಿಗೆಲ್ಲ ಸಮಾಧಾನ ಹೇಳಿ ಹೊರಟುಹೋದಳು.

ಅಂಟಮ್ಮ ಮೇಣ ಕೆರೆಯುವ ತಗಡು ಹಿಡಿದು ನಿಂತೇ ಇದ್ದಳು. ಶೆಡ್ಡಿನಲ್ಲಿ ಏಳೆಂಟು ಜನ. ಮೇಣ ಕೆರೆಯುವ ಸದ್ದು ಮತ್ತೆ ಶುರುವಾಯಿತು. ಎಲ್ಲರೆದುರು ಈಗ ಏನೆಂದು ಹೇಳುವುದು? ಮುರಿದದ್ದು ನಾನು ಎನ್ನುವುದು ಅಷ್ಟು ಕಷ್ಟವಿರಲಿಲ್ಲ. ಬೋರ್ಡಿನ ಮೇಲೆ ನೀನೇಕೆ ನಿಂತೆ ಎಂದು ಕೇಳುತ್ತಾರಲ್ಲ, ಅದಕ್ಕೆ ಉತ್ತರ ಹೇಳಬೇಕಿತ್ತು. ಆರು ವರ್ಷದಿಂದ ತನ್ನೊಬ್ಬಳದೇ ಆಗಿದ್ದ ವಸ್ತುವನ್ನು ಈ ಬಲ್ಬಿನ ಬೆಳಕಿಗೆ ಇಡಬೇಕಿತ್ತು. ಐವತ್ತೆರಡರ ಹೆಂಗಸು ಚಿಲಕ ಹಾಕಿಕೊಂಡು ನೆಲದ ಮೇಲೆ ಕಪ್ಪೆಯ ಹಾಗೆ ನೆಗೆಯುತ್ತಾಳೆ ಎಂಬುದು ನಾಳೆ ಬ್ರೆಡ್ಡಿನ ಅಂಗಡಿಯವರೆಗೂ ಹೋಗುತ್ತದೆ. ನಗು ಕೆಟ್ಟದ್ದೇನಲ್ಲ, ಆದರೆ ಒಮ್ಮೆ ನಕ್ಕ ಮೇಲೆ ಅದು ತಮಾಷೆಯಾಗಿಯೇ ಉಳಿಯುತ್ತದೆ. ಮತ್ತೆ ತನ್ನ ಬಳಿಗೆ ಅದು ಆಸೆಯಾಗಿ ತಿರುಗಿ ಬರುವುದಿಲ್ಲ.

ಮಧ್ಯಾಹ್ನ ವಾರಗಿತ್ತಿ ಕೊಡೆ ಕೊಡವುತ್ತಾ ಬಂದಳು. ಕೈಯಲ್ಲಿ ಟೀ ಫ್ಲಾಸ್ಕು. ನರ್ಸ್ ಕೋಣೆ ಖಾಲಿ ಮಾಡುವ ಮೊದಲು ಹಾಸಿಗೆಯ ಚಾದರ ಮಡಿಸಿ, ಬಚ್ಚಲು ತೊಳೆದು, ಕಿಟಕಿಯ ಗಾಜು ಒರೆಸಿಟ್ಟಿದ್ದಾಳೆಂದು ವರದಿ ಒಪ್ಪಿಸಿದಳು. ತನ್ನ ಇಷ್ಟು ವರ್ಷದ ಲಾಡ್ಜಿನಲ್ಲಿ ಇಂಥ ಗಿರಾಕಿ ಬಂದಿಲ್ಲ, ಇವಳನ್ನು ಹೋಗಲು ಬಿಡುವುದಕ್ಕಿಂತ ಕೆಲಸಕ್ಕೆ ಇಟ್ಟುಕೊಳ್ಳುವುದು ವಾಸಿ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಒಂದು ವಿಷಯ ನನಗೆ ಅರ್ಥ ಆಗಲಿಲ್ಲ ಕಣೆ. ನಿನ್ನೆ ಸಂಜೆ ಅವಳು ಫಿನ್ ಬಿಚ್ಚಿ ಇಟ್ಟದ್ದನ್ನು ನಾನೇ ನೋಡಿದ ಹಾಗಿದೆ. ಪಡಸಾಲೆ ಟೀಪಾಯಿ ಮೇಲೆ ಏನೋ ಮೂರು ಸಾಲಾಗಿ ಇತ್ತಪ್ಪ. ನಾನು ದೀಪಸ್ತಂಭದ ತುಂಡು ಸಿಕ್ಕಿತೇನೋ ಅಂದುಕೊಂಡೆ."

ಅಂಟಮ್ಮ ಮೇಜಿನ ಬಳಿ ಹೋಗಿ ನೀಲಿ ಬೋರ್ಡಿನ ಮೂರೂ ಫಿನ್ನುಗಳನ್ನು ಬಿಚ್ಚಿದಳು. ಒಂದೊಂದರ ಬುಡದಲ್ಲೂ, ಒಳಗೆ ಸೇರಿ ಹೊರಗೆ ಕಾಣದ ಭಾಗದಲ್ಲಿ, ಆಸ್ಪತ್ರೆಯ ಬಿಳಿ ಟೇಪಿನ ಒಂದು ಚೂರು. ಅದರ ಮೇಲೆ ಸಣ್ಣ ಗುಂಡು ಅಕ್ಷರ: ಎಡ. ನಡು. ಬಲ. ಮತ್ತೆ ಜೋಡಿಸುವಾಗ ಅದಲುಬದಲಾಗಬಾರದೆಂದು ನರ್ಸ್ ಗುರುತು ಹಾಕಿಕೊಂಡಿದ್ದಳು. ಇಷ್ಟು ಜೋಪಾನ ಮಾಡಿದವಳು, ಬೇರೆಯವರು ಮುಖ ಸಪ್ಪಗೆ ಮಾಡಿದ ಕೂಡಲೇ, ತನ್ನ ಕೈಯ ಮೇಲಿನ ನಂಬಿಕೆಯನ್ನೇ ಬಿಟ್ಟುಕೊಟ್ಟಿದ್ದಳು.

ಈ ಟೇಪು ತೋರಿಸಿದರೆ ಸಾಕು, ನರ್ಸ್ ಪಾರಾಗುತ್ತಾಳೆ. ಬಿರುಕು ಹಳೆಯದಿರಬೇಕು, ನಾನೇ ಸರಿಯಾಗಿ ನೋಡಲಿಲ್ಲ ಎಂದರೆ ತಾನೂ ಪಾರಾಗುತ್ತೇನೆ ಎಂದು ಅಂಟಮ್ಮನಿಗೆ ಹೊಳೆಯಿತು. ಒಂದು ಕ್ಷಣ ಹಗುರವೂ ಆಯಿತು. ಆಮೇಲೆ ಆ ಗುಂಡು ಅಕ್ಷರಗಳನ್ನು ಮತ್ತೆ ನೋಡಿದಳು. ಮೇಲೆ ತೇಪೆ ಹಾಕಿ ಒಳಗೆ ನೀರು ಬಿಡುವ ಕೆಲಸ ಅವಳು ಯಾರ ಬೋರ್ಡಿಗೂ ಮಾಡಿದವಳಲ್ಲ.

"ಅಕ್ಕ, ಆ ಸಿಸ್ಟರನ್ನ ಕರೆದುಕೊಂಡು ಬಾ. ಚೀಲ ಅಲ್ಲೇ ಇರಲಿ."

"ಯಾಕೆ?"

"ಬಾ ಅಂದೆನಲ್ಲ. ನನ್ನ ಧೈರ್ಯ ಹೋಗುವುದರೊಳಗೆ ಬಾ."

ಎರಡೂವರೆಗೆ ನರ್ಸ್ ರೇನ್‌ಕೋಟು ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತಳು, ಒದ್ದೆಯಾದದ್ದಕ್ಕೆ ಕ್ಷಮೆ ಕೇಳಿದಳು. ಮಗಳು ಆ ಬದಿಯಲ್ಲಿ ಯಾರದೋ ಬೋರ್ಡಿನ ಕಾಲುಹಗ್ಗಕ್ಕೆ ಗಂಟು ಹಾಕುತ್ತಿದ್ದಳು. ಅಂಟಮ್ಮ ನೀಲಿ ಬೋರ್ಡನ್ನು ಎತ್ತಿಕೊಂಡು ಹೋಗಿ ಮುಕ್ಕಾಲಿಯ ಮುಂದೆ ಇಟ್ಟಳು. ತಾನು ಮುಕ್ಕಾಲಿಯ ಮೇಲೆ ಕೂತಳು. ಬೋರ್ಡಿನ ಮೇಲೆ ಕೈ ಇಟ್ಟಳು. ಮೇಣ ಕೆರೆಯುವ ಸದ್ದು ಒಂದೊಂದಾಗಿ ನಿಂತಿತು. ಆ ಮುಕ್ಕಾಲಿಯ ಮೇಲೆ ಅಂಟಮ್ಮ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಮೊದಲು ಬಂದದ್ದು ಕೆಮ್ಮು. ಆಮೇಲೆ ಅವಳು ಒಂದೇ ಉಸಿರಿಗೆ, ನೆಲ ನೋಡುತ್ತಾ, ಎಲ್ಲವನ್ನೂ ಹೇಳಿದಳು. ನಿನ್ನೆಯ ಬೆಳಗಿನ ಜಾವ, ಮ್ಯಾಟು, ಕೀಲಿ ಹುಡುಕದ ಸೋಮಾರಿತನ, ಚಟ್ ಎಂದ ಸದ್ದು. ಬೆಳಿಗ್ಗೆ ಅರ್ಧ ನಿಜ ಹೇಳಿ ಬಾಯಿ ಮುಚ್ಚಿಕೊಂಡದ್ದು. ಟೇಪು ಅಂಟಿದ ಮೂರು ಫಿನ್ನುಗಳನ್ನು ಮಗಳ ಕಡೆ ಚಾಚಿದಳು. "ಸಿಸ್ಟರ್ ಬಿಚ್ಚಿದ್ದರು. ನೋಡು. ನಾವು ಇಬ್ಬರೂ ನೋಡಲಿಲ್ಲ."

ಮಗಳು ಟೇಪು ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಬೇಕೋ ಬೇಡವೋ ಎಂದು ನಿಂತಿತ್ತು.

"ನೀನು ಬೋರ್ಡಿನ ಮೇಲೆ ಯಾಕೆ ನಿಂತೆ?"

"ಏಳೋದಕ್ಕೆ ಬರುತ್ತಾ ಅಂತ ನೋಡುತ್ತಿದ್ದೆ."

"ನಿನ್ನೆ ಒಂದು ದಿನವಾ?"

"ಆರು ವರ್ಷ ಆಯಿತು. ಮಳೆ ಬಂದಾಗ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ವಾರಗಿತ್ತಿ ತಿರುಗಿ ಒಂದು ನೋಟ ಬಿಟ್ಟಳು, ಆ ಸದ್ದು ಹುಟ್ಟಿದಲ್ಲೇ ಸತ್ತಿತು. ಅಂಟಮ್ಮನಿಗೆ ಆಶ್ಚರ್ಯವಾಗುವಂತೆ ಎದೆಯಲ್ಲಿ ಏನೂ ಒಡೆಯಲಿಲ್ಲ. ಹೇಳಿದ ವಸ್ತು ಇನ್ನೂ ಅವಳದೇ ಆಗಿತ್ತು.

ಮಗಳು ಮೊದಲು ಹೋದದ್ದು ನರ್ಸಿನ ಬಳಿಗೆ. ನಿಮ್ಮ ಮಾತು ನಂಬದೆ ಹೋದೆ ಎಂದಳು. ಆಮೇಲೆ ಸ್ವಲ್ಪ ಗದರುವ ದನಿಯಲ್ಲೇ, "ನೀವೂ ಅಷ್ಟೇ ಸಿಸ್ಟರ್, ಮಾಡದೇ ಇರೋದನ್ನ ಮಾಡಿದೆ ಅಂತ ಒಪ್ಪಿಕೊಳ್ಳಬೇಡಿ. ನೀರಲ್ಲಿ ನಾನು ಕೇಳಿದಾಗ ನಿಜ ಹೇಳದಿದ್ದರೆ ನಾನು ಹೇಗೆ ಕಾಯಲಿ?" ಎಂದಳು. ನರ್ಸ್ ತಪ್ಪಾಯಿತು ಎನ್ನಲು ಬಾಯಿ ತೆರೆದು, ತನ್ನಷ್ಟಕ್ಕೆ ನಿಲ್ಲಿಸಿಕೊಂಡಳು. "ನಾನು ಬಿಚ್ಚಿದ್ದೆ" ಎಂದಳು. ಎರಡನೆಯ ಸಲ, ಇನ್ನೂ ಸ್ಪಷ್ಟವಾಗಿ, "ಮೂರನ್ನೂ ಬಿಚ್ಚಿದ್ದೆ" ಎಂದಳು.

ಆಮೇಲೆ ಮಗಳು ಒಂದು ಹಳದಿ ಬೋರ್ಡಿನ ಫಿನ್ನುಗಳನ್ನು ಬಿಚ್ಚಿ ನೆಲಕ್ಕೆ ಹಾಕಿದಳು.

"ತೋರಿಸು."

"ಇಷ್ಟು ಜನರ ಎದುರಿಗಾ?"

"ಅಲ್ಲಿ ಮೀನುಗಳೂ ನೋಡುತ್ತವೆ."

ಅಂಟಮ್ಮ ಸೆರಗು ಬಿಗಿದು ಬೋರಲು ಮಲಗಿದಳು. ಬೋರ್ಡು ತಣ್ಣಗಿತ್ತು. ಮಳೆ ಚಾವಣಿಯ ಮೇಲೆ ಅವಳಿಗೆ ಪರಿಚಯವಿದ್ದ ಹಾಗೆಯೇ ಸುರಿಯುತ್ತಿತ್ತು, ಅದು ಉಪಕಾರವಾಯಿತು. ಅಂಗೈ ಊರಿದಳು, ಎದ್ದಳು. ಎಡಗಾಲು ಮುಂದೆ, ಬಲಗಾಲು ಹಿಂದೆ, ಮೊಣಕಾಲು ಬಾಗಿಸಿ. ಎರಡು ಕ್ಷಣ ನಿಂತು, ಸ್ವಲ್ಪ ತೂರಾಡಿ, ಪಕ್ಕಕ್ಕೆ ಇಳಿದಳು. ವಾರಗಿತ್ತಿ ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದಳು.

ಮಗಳು ತಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ಅಮ್ಮನ ಪಾದ ನೋಡುತ್ತಿದ್ದಳು. "ಆರು ವರ್ಷ ಆದರೂ ಈ ತೂರಾಟ ಯಾಕಿದೆ?" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ಸ್ಯಾಂಡ್‌ಪೇಪರ್ ತರುವವಳ ಹಾಗೆ ಅಮ್ಮನ ಹಿಂದಕ್ಕೆ ಹೋದಳು. ಹೋದವಳು ಇದ್ದಕ್ಕಿದ್ದಂತೆ ಎರಡೂ ಭುಜ ಹಿಡಿದು ಮುಂದಕ್ಕೆ ತಳ್ಳಿದಳು.

ಅಂಟಮ್ಮ ಮುಗ್ಗರಿಸಿ, ಬೀಳದಂತೆ ಕಾಲು ಮುಂದಿಟ್ಟಳು. ಹೊಸ ವಿದ್ಯಾರ್ಥಿಗಳನ್ನೆಲ್ಲ ಮಗಳು ಮೊದಲ ದಿನ ಹೀಗೇ ತಳ್ಳುತ್ತಾಳೆ, ಅದು ಅಂಟಮ್ಮ ನೂರು ಸಲ ಕಂಡದ್ದೇ. ತಳ್ಳಿದಾಗ ತಾನಾಗಿ ಮುಂದೆ ಬಿದ್ದ ಕಾಲೇ ಬೋರ್ಡಿನ ಮೇಲೂ ಮುಂದೆ ಇರಬೇಕಾದ ಕಾಲು. ತನ್ನನ್ನು ತಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ಅವಳಿಗೆ ತನ್ನ ಕಾಲು ಯಾವುದೆಂದು ಗೊತ್ತಾಗಿರಲಿಲ್ಲ.

ಮುಂದೆ ಬಿದ್ದದ್ದು ಬಲಗಾಲು.

"ನಿನ್ನದು ಬಲಗಾಲು ಅಮ್ಮ. ಎಡಗಾಲು ಮುಂದಿಡೋದು ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ನಿನ್ನನ್ನು ನೋಡಿ ಕಲಿತೆ. ದಡದಲ್ಲಿ ನಿಂತು."

ಮಗಳು ಮುಖ ಪಕ್ಕಕ್ಕೆ ತಿರುಗಿಸಿ ಮೂಗು ಉಜ್ಜಿಕೊಂಡಳು. ಆಮೇಲೆ ಟೀಚರಿನ ದನಿ ತಂದುಕೊಂಡು, ಆರು ವರ್ಷವೂ ಅಮ್ಮ ಮಗಳ ಕಾಲಿನ ಮೇಲೆ ನಿಂತಿದ್ದಾಳೆ, ಅದಕ್ಕೇ ತೂರಾಟ, ಇನ್ನು ಎಲ್ಲ ಮೊದಲಿನಿಂದ ಎಂದು ಘೋಷಿಸಿದಳು. ಸ್ಲೇಟಿನ ಹತ್ತಿರ ಹೋಗಿ ಒರೆಸಿದ ಜಾಗದಲ್ಲಿ ನರ್ಸಿನ ಹೆಸರು ಮತ್ತೆ ಬರೆದಳು. ಅದರ ಕೆಳಗೆ 'ಅಮ್ಮ' ಎಂದು ಬರೆದಳು.

"ಮೊದಲಿನಿಂದಲಾ" ಎಂದಳು ಅಂಟಮ್ಮ. ಬೇಜಾರಾಗಬೇಕಿತ್ತು, ಆದರೆ ಒಳಗಿನಿಂದ ನಗು ಉಕ್ಕುತ್ತಿತ್ತು. ನೆಲದ ಮೇಲೆ ಮತ್ತೆ ಮಲಗಿ ಎದ್ದಳು. ಅಭ್ಯಾಸಬಲಕ್ಕೆ ಎಡಗಾಲೇ ಮುಂದೆ ಬಂತು. ಇನ್ನೊಮ್ಮೆ ಎದ್ದಳು. ಮತ್ತೆ ಎಡಗಾಲು. ವಾರಗಿತ್ತಿ, ಇವಳ ಕಾಲಿಗೂ ಕೆಂಪು ಬಾವುಟ ಕಟ್ಟಬೇಕು ಎಂದಳು. ಎಲ್ಲರೂ ನಕ್ಕರು, ಅಂಟಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಓಣಿಯ ತುದಿಯಲ್ಲಿ ಮೂರು ಗಂಟೆಯ ಬಸ್ಸು ಹಾರ್ನ್ ಹಾಕಿತು, ಕಾಯಿತು, ಹೋಯಿತು. ನರ್ಸ್ ರೇನ್‌ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದಳು. ಕಿಸೆಯಿಂದ ಬಿಳಿ ಟೇಪು ತೆಗೆದು ಹಲ್ಲಿನಿಂದ ಒಂದು ತುಂಡು ಹರಿದಳು. ಮಂಡಿಯೂರಿ ಕೂತು, ಹದಿನೆಂಟು ವರ್ಷದ ಪಳಗಿದ ಕೈಯಿಂದ, ಅಂಟಮ್ಮನ ಬಲಪಾದದ ಮೇಲಿನ ತೇವ ಒರೆಸಿ ಟೇಪು ಅಂಟಿಸಿದಳು. ಪೆನ್ನು ತೆಗೆದು ಅದರ ಮೇಲೆ ಸಣ್ಣ ಗುಂಡು ಅಕ್ಷರದಲ್ಲಿ ಬರೆದಳು: ಮುಂದೆ.

"ಈಗ ಏಳಿ ಅಕ್ಕ" ಎಂದಳು. ಕ್ಷಮೆ ಕೇಳಲಿಲ್ಲ.